ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿರೋ ಅಕ್ಕನಿಗೆ ಲಿಂಫೋಮಾ, ರಿಪೋರ್ಟಲ್ಲಿ ಈಬರ್ ಪಾಸಿಟಿವ್ ಅಂತಿದೆ, ಜೀನ್ ಟೆಸ್ಟ್ ಮಾಡಿಸ್ಬೇಕಾ?

ತುಮಕೂರ್_ತಮ್ಮ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಕ್ಕಂಗೆ ಆರೇಳು ವರ್ಷದ ಹಿಂದೆ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿತ್ತು, ಅಮ್ಮನೇ ಕೊಟ್ಟಿದ್ದು. ಕಿಡ್ನಿ ರಿಜೆಕ್ಟ್ ಆಗದಂಗೆ ಕೊಡೋ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ವೈಸೊಲೋನ್ ಮೂರೂ ತಪ್ಪಿಸ್ದೆ ತಗೊಂಡು ಚೆನ್ನಾಗೇ ಇದ್ಲು, ಸ್ಕೂಲಲ್ಲಿ ಪಾಠ ಮಾಡ್ಕೊಂಡು, ಇಬ್ರು ಮಕ್ಕಳನ್ನ ನೋಡ್ಕೊಂಡು. ಈ ದೀಪಾವಳಿ ಟೈಮಿಂದ ಸಂಜೆ ಆದ್ರೆ ಜ್ವರ, ರಾತ್ರಿ ಬೆವರು, ಊಟ ಸೇರಲ್ಲ, ಕುತ್ತಿಗೆ ಎಡಗಡೆ ಒಂದು ಗಂಟು. ಊರಲ್ಲಿ ಒಂದು ನರ್ಸಿಂಗ್ ಹೋಮಿಗೆ ತೋರ್ಸಿದ್ವಿ, ಸೂಜಿ ಹಾಕಿ ನೋಡಿ ಟಿಬಿ ಇರ್ಬೋದು ಅಂತ ಟಿಬಿ ಮಾತ್ರೆ ಶುರು ಮಾಡ್ಬಿಟ್ರು, ಗಂಟು ಮಾತ್ರ ದಿನಾ ದೊಡ್ಡದಾಗ್ತಾನೇ ಹೋಯ್ತು. ಆಮೇಲೆ ಬೆಂಗ್ಳೂರಲ್ಲಿ ಅವ್ಳ ನೆಫ್ರಾಲಜಿಸ್ಟ್ ನೋಡಿ ಬೈದು ಆ ಮಾತ್ರೆ ನಿಲ್ಸಿ ಪೂರ್ತಿ ಗಂಟು ತೆಗ್ಸಿ ಬಯಾಪ್ಸಿಗೆ ಕಳ್ಸಿದ್ರು.

ರಿಪೋರ್ಟಲ್ಲಿ ಇರೋದು ಇದು: ಮೊನೊಮಾರ್ಫಿಕ್ ಪಿಟಿಎಲ್‌ಡಿ, ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ (ಡಿಎಲ್‌ಬಿಸಿಎಲ್), ನಾನ್ ಜಿಸಿಬಿ, ಸಿಡಿ20 ಪಾಸಿಟಿವ್, ಕೆಐ-67 85%, ಈಬರ್ ಪಾಸಿಟಿವ್, ಮಿಕ್ ಫಿಶ್ ನೆಗೆಟಿವ್. ಡಾಕ್ಟ್ರು "ಇದು ಜೋರಾಗಿ ಬೆಳೆಯೋ ಥರದ್ದು, ಜೀವಕೋಶದ ಜೀನ್‌ಗಳಲ್ಲಿ ಬದಲಾವಣೆ ಆಗಿ ಹೀಗಾಗುತ್ತೆ" ಅಂದ್ರು. ಅಷ್ಟೇ ಸಾಕಾಯ್ತು, ಮನೇಲಿ ಜೀನ್ ಅನ್ನೋ ಮಾತು ಕೇಳಿದ್ದೇ ತಡ ಅಕ್ಕ ತನ್ನ ಮಕ್ಕಳಿಗೂ ಬರುತ್ತೆ ಅಂತ ಅಳ್ತಾಳೆ, ಅಮ್ಮ ನನ್ ಕಿಡ್ನಿಯಿಂದ್ಲೇ ಬಂದಿರ್ಬೇಕು ಅಂತ ಊಟ ಬಿಟ್ಟಿದಾರೆ. ಭಾವನ ಫ್ರೆಂಡೊಬ್ರು ನೂರಾರು ಜೀನ್ ಒಂದೇ ಸಲ ನೋಡೋ ಟೆಸ್ಟ್ ಇದೆ ಮಾಡ್ಸಿ ಅಂತಿದಾರೆ, ಹತ್ತಾರು ಸಾವಿರ ಆಗುತ್ತಂತೆ. ಇನ್ನೊಂದು ಕಡೆ ಡಾಕ್ಟ್ರು ಕೀಮೋ ಕೊಡೋದ್ ಬಿಟ್ಟು ಮೊದ್ಲು ಟ್ರಾನ್ಸ್‌ಪ್ಲಾಂಟ್ ಮಾತ್ರೆ ಕಮ್ಮಿ ಮಾಡಿದಾರೆ, ಕಿಡ್ನಿ ಹೋಗ್ಬಿಟ್ರೆ ಅಂತ ಭಯ. ಮಕ್ಕಳಿಗೆ ಬರುತ್ತಾ, ಆ ಟೆಸ್ಟ್ ಬೇಕಾ, ಮಾತ್ರೆ ಯಾಕೆ ಕಮ್ಮಿ ಮಾಡಿದ್ರು, ಇಷ್ಟು ಗೊತ್ತಿರೋರು ಹೇಳಿ.

ಸ್ಲೈಡ್_ಡಾಕ್ಟ್ರು

ನಾನು ಪೆಥಾಲಜಿಲಿ ಕೆಲ್ಸ ಮಾಡೋಳು, ಲಿಂಫೋಮಾ ಸ್ಲೈಡ್‌ಗಳೇ ಜಾಸ್ತಿ ನೋಡೋದು. ಚಿಕಿತ್ಸೆ ವಿಷಯ ನಿಮ್ಮ ಡಾಕ್ಟ್ರದ್ದೇ ಕೊನೇ ಮಾತು, ರಿಪೋರ್ಟ್ ಏನ್ ಹೇಳುತ್ತೆ ಅನ್ನೋದನ್ನ ನಾನು ಹೇಳ್ತೀನಿ. ಲಿಂಫೋಮಾ ಅಂದ್ರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್, ಟ್ರಾನ್ಸ್‌ಪ್ಲಾಂಟ್ ಆದವ್ರಲ್ಲಿ ಹೀಗೆ ಬಂದಿದ್ದಕ್ಕೆ ಪಿಟಿಎಲ್‌ಡಿ ಅಂತೀವಿ.

ಮೊದ್ಲು ಅಕ್ಕನಿಗೂ ಅಮ್ಮನಿಗೂ ಇದನ್ನ ಈಗ್ಲೇ ಹೇಳಿ: ಮಕ್ಕಳಿಗೆ ಬರಲ್ಲ. ಈ ಬದಲಾವಣೆಗಳು ಅಕ್ಕ ಹುಟ್ದಾಗ ಇದ್ದಿದ್ದಲ್ಲ, ದೊಡ್ಡೋಳಾದ್ಮೇಲೆ ಅವ್ಳ ಮೈಯ್ಯಲ್ಲಿ ಒಂದೇ ಒಂದು ಬಿ ಸೆಲ್‌ನಲ್ಲಿ (ಆಂಟಿಬಾಡಿ ಮಾಡೋ ಬಿಳಿ ರಕ್ತಕಣ) ಆಗಿ ಆ ಸೆಲ್‌ನ ಪೀಳಿಗೆಯಲ್ಲಿ ಮಾತ್ರ ಇರೋದು, ಅಂಡಾಣುವಿನಲ್ಲಿ ಇಲ್ಲ, ರಕ್ತ ಹಂಚ್ಕೊಂಡ ಸಂಬಂಧಿಕರಲ್ಲಿ ಇಲ್ಲ. ಹುಟ್ಟಿನಿಂದ್ಲೇ ಇಮ್ಯೂನಿಟಿ ಜೀನ್ ಕೆಟ್ಟಿರೋ ಕೆಲವು ಕಾಯಿಲೆ ಇವೆ, ಗಂಡುಮಕ್ಕಳಲ್ಲಿ ಬರೋ ಎಕ್ಸ್‌ಎಲ್‌ಪಿ, ಆಮೇಲೆ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಅಂತ ಎಟಿಎಂ ಜೀನಿಂದು, ಅಂಥವ್ರಲ್ಲಿ ಲಿಂಫೋಮಾ ಬಂದ್ರೆ ಆಗ ಮನೆಯವ್ರನ್ನೂ ನೋಡ್ಬೇಕಾಗುತ್ತೆ. ಅದು ಸಾಮಾನ್ಯವಾಗಿ ಚಿಕ್ಕ ವಯಸ್ಸಲ್ಲೇ ಗೊತ್ತಾಗೋದು, ನಿಮ್ಮಕ್ಕಂದು ಆ ಲೆಕ್ಕಕ್ಕೆ ಬರಲ್ಲ, ಅವ್ರ ಇಮ್ಯೂನಿಟಿ ಕಮ್ಮಿ ಆಗಿದ್ದು ಮಾತ್ರೆಯಿಂದ.

ಅಮ್ಮನ ಕಿಡ್ನಿ ವಿಷಯ. ಅಂಗ ಹಾಕಿಸ್ಕೊಂಡವ್ರಲ್ಲಿ ಬರೋ ಈ ಲಿಂಫೋಮಾ ಬಹುಪಾಲು ಹಾಕಿಸ್ಕೊಂಡವ್ರ ಸ್ವಂತ ಸೆಲ್‌ಗಳಿಂದ್ಲೇ ಹುಟ್ಟೋದು. ಕೊಟ್ಟವ್ರ ಸೆಲ್‌ನಿಂದ ಬರೋದು ಕಮ್ಮಿ, ಬಂದ್ರೂ ಸಾಮಾನ್ಯವಾಗಿ ಬೇಗ ಬರುತ್ತೆ, ಹಾಕಿದ ಅಂಗದಲ್ಲೇ ಕಾಣ್ಸುತ್ತೆ. ಆರೇಳು ವರ್ಷ ಆದ್ಮೇಲೆ ಕುತ್ತಿಗೇಲಿ ಬಂದಿದ್ದಕ್ಕೆ ಅಮ್ಮ ತಮ್ಮನ್ನೇ ದೂರ್ಕೊಳೋ ಅಗತ್ಯ ಇಲ್ಲ, ಅವ್ರಿಗೆ ಊಟ ಮಾಡೋಕೆ ಹೇಳಿ.

ಈಗ ಈಬರ್ ಅಂದ್ರೇನು. ಈಬರ್ ಪಾಸಿಟಿವ್ ಅಂದ್ರೆ ಗಡ್ಡೆ ಸೆಲ್‌ಗಳ ಒಳಗೆ ಒಂದು ವೈರಸ್ ಇದೆ ಅಂತ. ಎಪ್‌ಸ್ಟೈನ್-ಬಾರ್ ವೈರಸ್, ಇಬಿವಿ ಅಂತೀವಿ, 1964ರಲ್ಲಿ ಲಿಂಫೋಮಾ ಸೆಲ್‌ಗಳಲ್ಲೇ ಮೊದ್ಲು ಕಂಡಿದ್ದು. ದೊಡ್ಡೋರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನರಲ್ಲಿ ಇದು ಇರುತ್ತೆ, ಚಿಕ್ಕವ್ರಿದ್ದಾಗ ಎಂಜಲಿಂದ ಬಂದು ಬಿ ಸೆಲ್ ಒಳಗೆ ಜೀವನ ಪೂರ್ತಿ ಸುಮ್ನೆ ಕೂತಿರುತ್ತೆ, ನನ್ನಲ್ಲೂ ಇರುತ್ತೆ ನಿಮ್ಮಲ್ಲೂ ಇರುತ್ತೆ. ಅದನ್ನ ಸುಮ್ನೆ ಕೂರ್ಸಿರೋದು ಟಿ ಸೆಲ್‌ಗಳು, ಸೋಂಕು ಬಂದ ಸೆಲ್‌ಗಳನ್ನ ಹುಡ್ಕಿ ಕೊಲ್ಲೋ ಬಿಳಿ ರಕ್ತಕಣಗಳು. ಟ್ಯಾಕ್ರೊಲಿಮಸ್ ಕೆಲಸಾನೇ ಟಿ ಸೆಲ್‌ಗಳನ್ನ ತಡೆಯೋದು, ಇಲ್ದಿದ್ರೆ ಅವು ಕಿಡ್ನಿ ಮೇಲೆ ಬೀಳ್ತವೆ. ಅವುಗಳ ಕಾವಲು ಸಡಿಲ ಆದಾಗ ವೈರಸ್ ಇರೋ ಬಿ ಸೆಲ್‌ಗಳು ಬೆಳೆಯೋಕೆ ಶುರು ಮಾಡ್ತವೆ.

ಜೀನ್ ಬದಲಾವಣೆ ಮಾತು ಬರೋದು ಇಲ್ಲೇ, ಇದನ್ನ ನಿಧಾನಕ್ಕೆ ಓದಿ. ಬಿ ಸೆಲ್‌ಗಳು ಒಳ್ಳೇ ಆಂಟಿಬಾಡಿ ತಯಾರು ಮಾಡೋಕೆ ತಮ್ಮ ಡಿಎನ್‌ಎಯನ್ನ ತಾವೇ ತಿದ್ಕೊಳ್ತವೆ, ಎಐಡಿ ಅನ್ನೋ ಎನ್‌ಝೈಮ್ ಆ ಕೆಲ್ಸ ಮಾಡೋದು, ಅದು ಒಮ್ಮೊಮ್ಮೆ ಎಲ್ಲೆಲ್ಲೋ ಬೇಡದ ಜಾಗದಲ್ಲೂ ಕೈ ಹಾಕ್ಬಿಡುತ್ತೆ. ಇಮ್ಯೂನಿಟಿ ಸರಿ ಇರೋರಲ್ಲಿ ನಾನ್ ಜಿಸಿಬಿ (ಡಿಎಲ್‌ಬಿಸಿಎಲ್‌ನ ಒಂದು ಪ್ರಕಾರ) ಥರದ ಲಿಂಫೋಮಾ ಬಂದಾಗ ಎಂವೈಡಿ88, ಸಿಡಿ79ಬಿ ಅನ್ನೋ ಜೀನ್‌ಗಳಲ್ಲಿ ಮ್ಯುಟೇಶನ್ ಆಗಾಗ ಸಿಗುತ್ತೆ, ಅದ್ರಿಂದ ಎನ್‌ಎಫ್-ಕಪ್ಪಾ-ಬಿ ಅನ್ನೋ ಬೆಳವಣಿಗೆ ದಾರಿ ಯಾವಾಗ್ಲೂ ತೆರೆದೇ ಇರುತ್ತೆ. ಅಲ್ಲಿ ಬೀಗ ಒಡೆದು ಬಾಗಿಲು ತೆಗ್ದಂಗೆ, ಇಬಿವಿ ಇರೋ ಕಡೆ ವೈರಸ್ ಹತ್ರ ಡೂಪ್ಲಿಕೇಟ್ ಕೀ ಇದೆ. ಅದ್ರ ಎಲ್‌ಎಂಪಿ1 ಅನ್ನೋ ಪ್ರೋಟೀನ್ ಬಿ ಸೆಲ್‌ಗೆ ಬೆಳೆಯೋ ಸಿಗ್ನಲ್ ಕೊಡೋ ಸಿಡಿ40 ಥರಾನೇ ನಟಿಸುತ್ತೆ, ಎಲ್‌ಎಂಪಿ2ಎ ಬಿ ಸೆಲ್ ರಿಸೆಪ್ಟರ್ ಥರ ನಟಿಸುತ್ತೆ, ಮ್ಯುಟೇಶನ್ ಇಲ್ದೇನೇ ಬೆಳೆಯೋ ಸಿಗ್ನಲ್ ಸಿಕ್ಬಿಡುತ್ತೆ. ಅದಕ್ಕೇ ಇಮ್ಯೂನಿಟಿ ಕುಗ್ಗಿರೋರ ಇಬಿವಿ ಪಾಸಿಟಿವ್ ಲಿಂಫೋಮಾದಲ್ಲಿ ಮಾಮೂಲಿ ಲಿಂಫೋಮಾಗಿಂತ ಮ್ಯುಟೇಶನ್‌ಗಳು ಕಮ್ಮಿ ಸಿಗೋದು. ಮೆದುಳಿನ ಲಿಂಫೋಮಾದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ: ಮಾಮೂಲಿ ರೋಗಿಗಳಲ್ಲಿ ಎಂವೈಡಿ88 ತುಂಬಾ ಜನಕ್ಕೆ ಇರುತ್ತೆ, ಇಮ್ಯೂನಿಟಿ ಕಮ್ಮಿ ಇರೋ ಇಬಿವಿ ಪಾಸಿಟಿವ್ ರೋಗಿಗಳಲ್ಲಿ ಸಿಗೋದೇ ಇಲ್ಲ ಅನ್ನೋ ಮಟ್ಟಿಗೆ.

ಅದೇ ಟ್ರಾನ್ಸ್‌ಪ್ಲಾಂಟ್ ಆದವ್ರಲ್ಲೇ ಇಬಿವಿ ನೆಗೆಟಿವ್ ಬಂದ್ರೆ ಕಥೆ ಬೇರೆ. ಅವು ಜೀನ್ ಲೆಕ್ಕದಲ್ಲಿ ಮಾಮೂಲಿ ಲಿಂಫೋಮಾ ಥರಾನೇ ಇರ್ತವೆ, ಕ್ಯಾನ್ಸರ್ ತಡೆಯೋ ಟಿಪಿ53 ಜೀನ್ ಕೆಟ್ಟಿರೋದು ಜಾಸ್ತಿ ಕಾಣ್ಸುತ್ತೆ. ಇನ್ನೊಂದು ವಿಷಯ ನಂಗೆ ಬಹಳ ಮುಖ್ಯ ಅನ್ಸೋದು. ಇಮ್ಯೂನಿಟಿ ಗಟ್ಟಿ ಇರೋ ಮನುಷ್ಯನಲ್ಲಿ ಲಿಂಫೋಮಾ ಬೆಳೀಬೇಕಂದ್ರೆ ಟಿ ಸೆಲ್ ಕಣ್ಣಿಗೆ ಬೀಳ್ದಂಗೆ ಇರ್ಬೇಕು, ಅದಕ್ಕೆ ಬಿ2ಎಂ, ಸಿಡಿ58 ಥರದ ಜೀನ್‌ಗಳನ್ನ ಕೆಡಿಸ್ಕೊಂಡಿರುತ್ತೆ. ಕಾವಲೇ ಸಡಿಲ ಇರೋ ಕಡೆ ಆ ಒತ್ತಡ ಅಷ್ಟಿಲ್ಲ. ಅಂದ್ರೆ ಕಾವಲು ವಾಪಸ್ ಬಂದ್ರೆ ಅಂಥ ಸೆಲ್‌ಗಳು ಸಿಕ್ಕಿಬೀಳೋ ಸಾಧ್ಯತೆ ಇದೆ. ನಿಮ್ಮ ಡಾಕ್ಟ್ರು ಮೊದ್ಲು ಮಾತ್ರೆ ಕಮ್ಮಿ ಮಾಡಿರೋದು ಇದಕ್ಕೇ, ಅದು ಚಿಕಿತ್ಸೆಯನ್ನ ತಡ ಮಾಡ್ತಿರೋದಲ್ಲ, ಚಿಕಿತ್ಸೆಯ ಮೊದಲ ಹೆಜ್ಜೆನೇ ಅದು.

ಈಬರ್ ಸ್ಲೈಡ್ ಹೇಗಿರುತ್ತೆ ಅಂತ ಹೇಳ್ಬಿಡ್ತೀನಿ, ಅಕ್ಕ ಟೀಚರ್ ಅಂದ್ರಲ್ಲ, ಅವ್ರಿಗೆ ಆಸಕ್ತಿ ಇರ್ಬೋದು. ಇಬಿವಿ ಇರೋ ಪ್ರತಿ ಸೆಲ್ ಒಳಗೆ ಈಬರ್ ಅನ್ನೋ ಪುಟ್ಟ ಆರ್‌ಎನ್‌ಎ ಲಕ್ಷಗಟ್ಲೆ ಪ್ರತಿ ಇರುತ್ತೆ. ಅದಕ್ಕೆ ಅಂಟೋ ಪ್ರೋಬ್ ಹಾಕಿ ಬಣ್ಣ ಬರ್ಸಿದ್ರೆ ದೊಡ್ಡ ದೊಡ್ಡ ಕೆಟ್ಟ ಸೆಲ್‌ಗಳ ನ್ಯೂಕ್ಲಿಯಸ್ ಮಾತ್ರ ಗಾಢ ಬಣ್ಣಕ್ಕೆ ತಿರುಗುತ್ತೆ, ಪಕ್ಕದಲ್ಲಿರೋ ಚಿಕ್ಕ ಟಿ ಸೆಲ್‌ಗಳು ಪೇಲವವಾಗೇ ಉಳೀತವೆ, ಅನುಮಾನಕ್ಕೆ ಜಾಗಾನೇ ಇರಲ್ಲ.

ಬೆಂಗ್ಳೂರ್_ಡೇಟಾ

ಡಾಕ್ಟ್ರು ಹೇಳಿದ್ದಕ್ಕೆ ಅಡ್ಡ ಮಾತಾಡ್ತಿಲ್ಲ, ಆದ್ರೂ ಆ ನೂರಾರು ಜೀನ್ ನೋಡೋ ಪ್ಯಾನೆಲ್ ಟೆಸ್ಟ್ ಮಾಡ್ಸೋದೇ ಒಳ್ಳೇದು ಅಂತ ನನ್ ಅಭಿಪ್ರಾಯ. 2018ರಲ್ಲಿ ಡಿಎಲ್‌ಬಿಸಿಎಲ್‌ನ ಜೀನ್ ಪ್ರಕಾರ ಬೇರೆ ಬೇರೆ ಗುಂಪು ಮಾಡಿದಾರೆ, ಎಂಸಿಡಿ, ಬಿಎನ್2, ಎನ್1, ಇಝೆಡ್‌ಬಿ ಅಂತ. ಎಂವೈಡಿ88 ಸಿಕ್ಕಿದ್ರೆ ಇಬ್ರುಟಿನಿಬ್ ಮಾತ್ರೆ ಇದೆ. ದುಡ್ಡು ಹೊಂದ್ಸೋಕಾದ್ರೆ ಒಂದು ಸಲ ಮಾಡ್ಸಿ ಇಟ್ಕೊಳ್ಳಿ, ಮಾಹಿತಿ ಜಾಸ್ತಿ ಇದ್ರೆ ನಷ್ಟ ಏನಿಲ್ಲ.

ಸ್ಲೈಡ್_ಡಾಕ್ಟ್ರು

ಸಾರ್, ನೀವು ಹೇಳಿದ ಗುಂಪುಗಳು ನಿಜ, ಆದ್ರೆ ಅವನ್ನ ಮಾಡಿದ್ದು ಮುಖ್ಯವಾಗಿ ಇಮ್ಯೂನಿಟಿ ಸರಿ ಇರೋ ರೋಗಿಗಳ ಗಡ್ಡೆ ನೋಡಿ. ಇಬಿವಿ ಪಾಸಿಟಿವ್ ಪಿಟಿಎಲ್‌ಡಿನಲ್ಲಿ ಆ ಎಂವೈಡಿ88, ಸಿಡಿ79ಬಿ ಸಿಗೋದೇ ಅಪರೂಪ ಅಂದ್ಮೇಲೆ ಅದನ್ನ ನಂಬಿ ಕೊಡೋ ಮಾತ್ರೆ ಲೆಕ್ಕಾಚಾರ ಇವ್ರಿಗೆ ಅಷ್ಟಾಗಿ ಹೊಂದಲ್ಲ. ಮೊದಲ ಸುತ್ತಿನ ಚಿಕಿತ್ಸೆ ನಿರ್ಧಾರ ಮಾಡೋಕೆ ಬೇಕಾಗಿದ್ದು ಇವ್ರ ರಿಪೋರ್ಟಲ್ಲಿ ಆಗ್ಲೇ ಇದೆ. ಸೆಲ್ ಮೇಲೆ ಸಿಡಿ20 ಪ್ರೋಟೀನ್ ಇದೆ ಅಂದ್ರೆ ರಿಟುಕ್ಸಿಮ್ಯಾಬ್ ಅನ್ನೋ ಔಷಧಿಗೆ ಅಂಟ್ಕೊಳೋಕೆ ಜಾಗ ಇದೆ. ಈಬರ್ ಇದೆ. ಮಿಕ್ ನೆಗೆಟಿವ್ ಅಂದ್ರೆ 8ನೇ ಕ್ರೋಮೋಸೋಮ್‌ನಲ್ಲಿರೋ ಮಿಕ್ ಜೀನ್ ಜಾಗ ಬಿಟ್ಟು ಕದಲಿಲ್ಲ ಅಂತ. ಆ ಟೆಸ್ಟಲ್ಲಿ ಮಿಕ್‌ನ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ದೀಪ ಹಚ್ಚಿರ್ತೀವಿ, ಜೀನ್ ಸರಿ ಇದ್ರೆ ಎರಡೂ ಒಂದ್ರ ಮೇಲೊಂದು ಕೂತು ಹಳದಿ ಕಾಣುತ್ತೆ, ಮುರಿದಿದ್ರೆ ಕೆಂಪು ಹಸಿರು ದೂರ ದೂರ ಹೋಗಿರುತ್ತೆ. ಇವ್ರದ್ದು ಜೊತೇಲೇ ಇದೆ.

ಮನೇಲಿ ಸೀಮಿತ ದುಡ್ಡಿದ್ರೆ ಅದು ಪೆಟ್ ಸ್ಕ್ಯಾನ್‌ಗೆ, ರಕ್ತದಲ್ಲಿ ಇಬಿವಿ ಎಷ್ಟಿದೆ ಅಂತ ನೋಡೋ ಪಿಸಿಆರ್‌ಗೆ, ಟ್ಯಾಕ್ರೊ ಲೆವೆಲ್‌ಗೆ ಹೋಗ್ಲಿ. ಮೊದಲ ಚಿಕಿತ್ಸೆಗೆ ಬಗ್ಗದೆ ಹೋದ್ರೆ, ಅಥವಾ ಹೋಗಿ ಮತ್ತೆ ಬಂದ್ರೆ, ಆಗ ಮತ್ತೆ ಬಯಾಪ್ಸಿ ಮಾಡಿ ಟಿಪಿ53 ಎಲ್ಲಾ ನೋಡೋದಕ್ಕೆ ಅರ್ಥ ಇದೆ. ಅದನ್ನ ಡಾಕ್ಟ್ರೇ ಹೇಳ್ತಾರೆ.

ತುಮಕೂರ್_ತಮ್ಮ

ಮೇಡಂ, ನಿಮ್ಮ ಮೊದಲನೇ ಉತ್ತರಾನ ಅಮ್ಮನಿಗೆ ಓದಿ ಹೇಳ್ದೆ. ಅಕ್ಕ ತಾನೇ ಫೋನ್ ಇಸ್ಕೊಂಡು ಈಬರ್ ಪ್ಯಾರಾ ಎರಡು ಸಲ ಓದಿದ್ಲು. ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳ್ಬೇಕಿತ್ತು, ಆ ಟಿಬಿ ಮಾತ್ರೆ ತಗೊಂಡಿದ್ರಿಂದ ಕಿಡ್ನಿಗೆ ಏನಾದ್ರೂ ಆಗಿರುತ್ತಾ? ಆಗ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಆಮೇಲೆ ಮಾತ್ರೆ ಕಮ್ಮಿ ಮಾಡ್ಸ್ಕೊಂಡು ಕಿಡ್ನಿ ಉಳಿಸ್ಕೊಂಡೋರು ಯಾರಾದ್ರೂ ಇದೀರಾ?

ಮೈಸೂರ್_ಅತ್ತಿಗೆ

ಇದೀವಪ್ಪ. ನನ್ ಯಜಮಾನ್ರಿಗೆ ನಾನೇ ಕಿಡ್ನಿ ಕೊಟ್ಟಿದ್ದು, ಅವ್ರಿಗೂ ಇದೇ ಪಿಟಿಎಲ್‌ಡಿ, ಕರುಳಲ್ಲಿ ಬಂದಿತ್ತು, ಅವ್ರದ್ದೂ ಈಬರ್ ಪಾಸಿಟಿವ್. ಮೊದ್ಲು ಮೈಕೊಫೆನೊಲೇಟ್ ಪೂರ್ತಿ ನಿಲ್ಸಿದ್ರು, ಟ್ಯಾಕ್ರೊ ಅರ್ಧಕ್ಕಿಂತ ಕಮ್ಮಿ ಮಾಡಿದ್ರು, ವೈಸೊಲೋನ್ ಮಾತ್ರ ಬಿಡ್ಲಿಲ್ಲ. ಆ ದಿನಗಳಲ್ಲಿ ನಂಗೆ ನಿದ್ದೆ ಇರ್ಲಿಲ್ಲ, ಉಚ್ಚೆ ಎಷ್ಟು ಬಂತು, ಕಾಲು ಊದಿದ್ಯಾ, ತೂಕ ಏರಿದ್ಯಾ ಅಂತ ಬರ್ದು ಇಡ್ತಿದ್ದೆ. ವಾರಕ್ಕೆರಡು ಸಲ ಕ್ರಿಯಾಟಿನಿನ್. ಸ್ವಲ್ಪ ಏರಿ ಅಲ್ಲೇ ನಿಂತ್ಕೊಳ್ತು, ಕಿಡ್ನಿ ಈಗ್ಲೂ ಕೆಲ್ಸ ಮಾಡ್ತಿದೆ. ಎಲ್ರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ, ನಮ್ ಜೊತೆ ವಾರ್ಡಲ್ಲಿದ್ದ ಒಬ್ರು ಮತ್ತೆ ಡಯಾಲಿಸಿಸ್‌ಗೆ ಹೋದ್ರು. ಜೀವ ಮೊದ್ಲು, ಕಿಡ್ನಿ ಆಮೇಲೆ ಅಂತ ನಮ್ ಡಾಕ್ಟ್ರು ನೇರವಾಗೇ ಹೇಳಿದ್ರು.

ಆಮೇಲೆ ರಿಟುಕ್ಸಿಮ್ಯಾಬ್, ವಾರಕ್ಕೊಂದರಂತೆ ನಾಕು ಡೋಸು, ಮುಗಿದ ಮೇಲೆ ಸ್ಕ್ಯಾನು. ಸ್ಕ್ಯಾನ್ ಪೂರ್ತಿ ಕ್ಲೀನ್ ಬಂದ್ರೆ ಅದೊಂದನ್ನೇ ಮುಂದುವರಿಸ್ತಾರೆ, ಉಳ್ಕೊಂಡಿದ್ರೆ ಆರ್-ಚಾಪ್ ಕೀಮೋ ಸೇರಿಸ್ತಾರೆ. ನಮ್ಮವ್ರಿಗೆ ಆರ್-ಚಾಪ್ ಬೇಕಾಯ್ತು. ಮೊದಲ ರಿಟುಕ್ಸಿಮ್ಯಾಬ್ ಡೋಸಿಗೆ ಚಳಿ ಜ್ವರ ಬರ್ಬೋದು, ಗಾಬರಿ ಆಗ್ಬೇಡಿ, ಡ್ರಿಪ್ ನಿಧಾನ ಮಾಡ್ತಾರೆ, ದಪ್ಪ ಕಂಬ್ಳಿ ತಗೊಂಡ್ ಹೋಗಿ. ಡ್ರಿಪ್ ಹಾಕೋಕೆ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಆಗಿದ್ಯಾ ಅಂತ ಬಾಯ್ಬಿಟ್ಟು ಕೇಳಿ, ಹಳೇ ಇನ್ಫೆಕ್ಷನ್ ಮಲ್ಗಿದ್ರೆ ಈ ಔಷಧಿಗೆ ಎದ್ದು ಲಿವರ್ ಕೆಡಿಸುತ್ತಂತೆ.

ಟಿಬಿ ಮಾತ್ರೇಲಿ ರಿಫಾಂಪಿಸಿನ್ ಇರುತ್ತಲ್ಲ, ಅದು ಟ್ಯಾಕ್ರೊ ಲೆವೆಲ್ ಇಳಿಸ್ಬಿಡುತ್ತೆ, ಕಿಡ್ನಿ ರಿಜೆಕ್ಟ್ ಆಗೋ ಭಯ. ಈಗ ಅದನ್ನ ನಿಲ್ಸಿದ ಮೇಲೆ ಲೆವೆಲ್ ಮತ್ತೆ ಮೇಲೆ ಏರುತ್ತೆ, ಅದಕ್ಕೇ ಪದೇ ಪದೇ ನೋಡ್ಸಿ. ನೀವಾಗೇ ಒಂದ್ ಮಾತ್ರೇನೂ ಹೆಚ್ಚು ಕಮ್ಮಿ ಮಾಡ್ಬೇಡಿ.

ಹುಬ್ಬಳ್ಳಿ_ಕೌನ್ಸೆಲರ್

ನಾನು ಎಆರ್‌ಟಿ (ಎಚ್‌ಐವಿ ಔಷಧಿ) ಸೆಂಟರ್‌ನಾಗ ಕೆಲ್ಸ ಮಾಡಾಂವ, ನಮ್ಮ ಕಡೆ ಎಚ್‌ಐವಿ ಇದ್ದವರಿಗೆ ಬರೋ ಲಿಂಫೋಮಾ ನೋಡ್ತೀವಿ. ಇಲ್ಲಿ ಓದೋರೊಳಗ ಅಂಥವ್ರೂ ಇರಬಹುದು, ಅವರಿಗಂತ ಬರೀತೀನ್ರಿ.

ಆ ಟಿಬಿ ವಿಚಾರ ನಮ್ಮಲ್ಲೂ ದಿನಾ ಐತ್ರಿ. ಎಚ್‌ಐವಿ ಐತಿ, ಜ್ವರ ಐತಿ, ಗಂಟು ಐತಿ ಅಂದ್ರ ಟಿಬಿ ಇರೋದೇ ಹೆಚ್ಚು, ಅದು ಖರೇ. ಆದ್ರ ಮಾತ್ರೆ ತಗೊಂಡ್ರೂ ಗಂಟು ಬೆಳೀತಾ ಹೊಂಟೈತಿ ಅಂದ್ರ ಕಾಯ್ಕೋತ ಕುಂದ್ರಬ್ಯಾಡ್ರಿ, ಪೂರ್ತಿ ಗಂಟು ತೆಗ್ಸಿ ಬಯಾಪ್ಸಿ ಮಾಡಸ್ರಿ. ಸೂಜಿ ಹಾಕಿದ್ದರಾಗ ಲಿಂಫೋಮಾದ ಜಾತಿ ಪೂರಾ ಗೊತ್ತಾಗೂದಿಲ್ಲ.

ಎಚ್‌ಐವಿಯೊಳಗ ಎಲ್ಲಾ ಲಿಂಫೋಮಾ ಒಂದ ನಮೂನಿ ಇರಂಗಿಲ್ಲ. ಸಿಡಿ4 (ಎಚ್‌ಐವಿ ಕೊಲ್ಲೋ ಟಿ ಸೆಲ್‌ಗಳ ಎಣಿಕಿ) ಐವತ್ತಕ್ಕಿಂತ ಕೆಳಗ ಇಳದವರಿಗೆ ಮೆದುಳಿನ ಲಿಂಫೋಮಾ ಬರೋದು, ಅದರಾಗ ಹೆಚ್ಚುಕಮ್ಮಿ ಎಲ್ಲಾದ್ರಾಗೂ ಇಬಿವಿ ಇರ್ತೈತಿ. ಬರ್ಕಿಟ್ ಅನ್ನೋದು ಹಂಗಲ್ಲ, ಸಿಡಿ4 ಚಲೋ ಇದ್ದಾಗೂ ಬರ್ತೈತಿ. ಅದರಾಗ ಮಿಕ್ ಜೀನ್ ಮುರದು 8ನೇ ಕ್ರೋಮೋಸೋಮಿನಿಂದ ಹೆಚ್ಚಾಗಿ 14ಕ್ಕ ಹೋಗಿ ಕುಂತಿರ್ತೈತಿ, ಎಚ್‌ಐವಿ ಇರೋರ ಬರ್ಕಿಟ್‌ನಾಗ ಇಬಿವಿ ಅರ್ಧಕ್ಕಿಂತ ಕಡಿಮಿ ಮಂದಿಗೆ ಸಿಗ್ತೈತಿ. ಇನ್ನ ಪ್ಲಾಸ್ಮಾಬ್ಲಾಸ್ಟಿಕ್ ಅಂತ ಐತ್ರಿ, 1997ರಾಗ ಮೊದಲ ಬಾರಿ ಎಚ್‌ಐವಿ ಇದ್ದವರ ಬಾಯಾಗ ಗುರ್ತಿಸಿದ್ದು. ವಸಡಿನ ಮ್ಯಾಲೆ ಗಡ್ಡಿ ಬರ್ತೈತಿ, ಹಲ್ಲಿನ ತ್ರಾಸು ಅಂತ ಡೆಂಟಿಸ್ಟ್ ಕಡೆ ಅಡ್ಡಾಡಿ ತಿಂಗಳ ಕಳಿತಾರ. ಅದರಾಗ ಸಿಡಿ20 ಇರೂದಿಲ್ಲ, ಹಂಗಾಗಿ ರಿಟುಕ್ಸಿಮ್ಯಾಬ್ ನಾಟೂದಿಲ್ಲ. ಬಾಯಾಗ ಗಡ್ಡಿ ಕಂಡ್ರ ಬಯಾಪ್ಸಿಗೆ ಕೇಳ್ರಿ.

ಕೀಮೋ ನಡದಾಗ ಎಆರ್‌ಟಿ ಬಿಡಬ್ಯಾಡ್ರಿ. ಟಿಎಲ್‌ಡಿ ಮಾತ್ರೆ, ಅದರಾಗ ಡೊಲುಟೆಗ್ರಾವಿರ್ ಇರ್ತೈತಲ್ಲ, ಅದು ಕೀಮೋ ಜೋಡಿ ಹೊಂದಿಕೋತೈತಿ. ರಿಟೋನಾವಿರ್ ಇರೋ ಸೆಕೆಂಡ್ ಲೈನ್ ಮಾತ್ರೆ ಇದ್ರ ಕ್ಯಾನ್ಸರ್ ಡಾಕ್ಟರಿಗೆ ಕಡ್ಡಾಯ ಹೇಳ್ರಿ, ವಿನ್‌ಕ್ರಿಸ್ಟಿನ್ ಜೋಡಿ ಕೂಡಿದ್ರ ಕೈಕಾಲು ನರಕ್ಕ ಪೆಟ್ಟು ಬೀಳ್ತೈತಿ. ಎಚ್‌ಐವಿ ಐತಿ ಅಂತ ಯಾವ ಆಸ್ಪತ್ರಿನೂ ಚಿಕಿತ್ಸಾ ಕೊಡೂದಿಲ್ಲ ಅನ್ನಂಗಿಲ್ರಿ, 2017ರ ಎಚ್‌ಐವಿ ಏಡ್ಸ್ ಕಾಯ್ದೆ ಐತಿ.

ಕೊಲೋನ್_ಕನ್ನಡಿಗ

ನಾನು ಜರ್ಮನೀಲಿ ಟಿ ಸೆಲ್ ಮೇಲೆ ಪಿಎಚ್‌ಡಿ ಮಾಡ್ತಿದೀನಿ. ಮೇಲೆ ಬರ್ಕಿಟ್ ಹೆಸರು ಬಂತಲ್ಲ, ಅದ್ರ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಡೆನಿಸ್ ಬರ್ಕಿಟ್ 1958ರಲ್ಲಿ ಉಗಾಂಡಾದ ಮಕ್ಕಳ ದವಡೆ ಗಡ್ಡೆ ಬಗ್ಗೆ ಬರೆದ್ರು, ಆ ಗಡ್ಡೆಯ ಸೆಲ್‌ಗಳಲ್ಲೇ ಇಬಿವಿ ಸಿಕ್ಕಿದ್ದು. ಅಲ್ಲಿ ಇಮ್ಯೂನಿಟಿಯನ್ನ ಕೆಡಿಸೋದು ಮಾತ್ರೆ ಅಲ್ಲ, ಮಲೇರಿಯಾ. ಪದೇ ಪದೇ ಫಾಲ್ಸಿಪಾರಮ್ ಮಲೇರಿಯಾ ಬಂದ ಮಕ್ಕಳಲ್ಲಿ ಇಬಿವಿ ಮೇಲಿನ ಟಿ ಸೆಲ್ ಹಿಡಿತ ಸಡಿಲ ಆಗುತ್ತೆ, ಅದೇ ಟೈಮಲ್ಲಿ ಬಿ ಸೆಲ್‌ಗಳಲ್ಲಿ ಮೇಡಂ ಹೇಳಿದ ಎಐಡಿ ಕೆಲ್ಸ ಜೋರಾಗಿ ನಡೆಯುತ್ತೆ, ಎರಡೂ ಸೇರಿ ಮಿಕ್ ಮುರಿಯುತ್ತೆ. 2012ರಲ್ಲಿ ಬರ್ಕಿಟ್‌ನಲ್ಲಿ ಐಡಿ3, ಟಿಸಿಎಫ್3 ಜೀನ್‌ಗಳ ಮ್ಯುಟೇಶನ್ ಸಿಕ್ತು, ಆಮೇಲೆ ನೋಡಿದ್ರೆ ಇಬಿವಿ ಇರೋ ಬರ್ಕಿಟ್‌ಗಳಲ್ಲಿ ಗಡ್ಡೆ ಬೆಳೆಸೋ ಮುಖ್ಯ ಮ್ಯುಟೇಶನ್‌ಗಳು ಇಬಿವಿ ಇಲ್ದೇ ಇರೋದಕ್ಕಿಂತ ಕಮ್ಮಿ, ಎಐಡಿ ಕೈ ಹಾಕಿದ ಗುರುತು ಮಾತ್ರ ಜಾಸ್ತಿ. ಟ್ರಾನ್ಸ್‌ಪ್ಲಾಂಟ್ ಆದವ್ರಲ್ಲಿ ಮೇಡಂ ವಿವರಿಸಿದ್ದೇ ಬೇರೆ ಖಂಡದಲ್ಲಿ ಬೇರೆ ಕಾಯಿಲೆಯಲ್ಲೂ ಕಾಣ್ತಿದೆ ನೋಡಿ.

ತುಮಕೂರಿನವ್ರಿಗೆ ಇನ್ನೊಂದು ವಿಷಯ. ವೈರಸ್ಸೇ ಎಂಜಿನ್ ಆಗಿರೋದ್ರಿಂದ ವೈರಸ್ಸನ್ನೇ ಗುರಿ ಇಡೋ ಚಿಕಿತ್ಸೆನೂ ಬಂದಿದೆ. ಬೇರೆ ಆರೋಗ್ಯವಂತರ ಟಿ ಸೆಲ್ ತಗೊಂಡು ಇಬಿವಿ ಗುರುತು ಹಿಡಿಯೋ ಹಾಗೆ ಲ್ಯಾಬಲ್ಲಿ ಬೆಳೆಸಿ, ರೋಗಿಯ ಎಚ್‌ಎಲ್‌ಎಗೆ (ಟ್ರಾನ್ಸ್‌ಪ್ಲಾಂಟಿಗೆ ಮುಂಚೆ ಹೊಂದುತ್ತಾ ಅಂತ ನೋಡೋ ಸೆಲ್ ಗುರುತು) ಸ್ವಲ್ಪ ಮಟ್ಟಿಗೆ ಹೊಂದೋದನ್ನ ಆರಿಸಿ ಕೊಡ್ತಾರೆ. ಟ್ಯಾಬೆಲೆಕ್ಲೂಸೆಲ್ ಅಂತ, ಯುರೋಪಲ್ಲಿ 2022ರ ಡಿಸೆಂಬರಲ್ಲಿ ಒಪ್ಪಿಗೆ ಸಿಕ್ತು, ಬೇರೆ ಚಿಕಿತ್ಸೆ ಒಂದಾದ್ರೂ ಕೊಟ್ಟು ಬಗ್ಗದೇ ಇದ್ದ ಇಬಿವಿ ಪಾಸಿಟಿವ್ ಪಿಟಿಎಲ್‌ಡಿಗೆ. ಈಗ ನಿಮಗೆ ಇದು ಬೇಕಾಗಿಲ್ಲ, ರಿಟುಕ್ಸಿಮ್ಯಾಬ್ ಮುಗೀಲಿ. ಈಬರ್ ಪಾಸಿಟಿವ್ ಅನ್ನೋ ಸಾಲು ನೋಡಿ ಹೆದರೋರೇ ಜಾಸ್ತಿ, ಈ ಥರದ ದಾರಿ ತೆರೆಯೋದೂ ಅದೇ ಸಾಲಿಂದ ಅಂತ ಅಕ್ಕನಿಗೆ ಹೇಳಿ.

ತುಮಕೂರ್_ತಮ್ಮ

ಎಲ್ರಿಗೂ ಕೈ ಮುಗೀತೀನಿ. ಮೈಸೂರಿನ ಅಕ್ಕ, ಹೆಪಟೈಟಿಸ್ ಬಿ ಟೆಸ್ಟ್ ಕೇಳ್ದೆ, ಆಗಿದೆಯಂತೆ, ನೆಗೆಟಿವ್. ಟ್ಯಾಕ್ರೊ ಲೆವೆಲ್ ನೀವು ಹೇಳ್ದಂಗೇ ಏರಿತ್ತು, ಡಾಕ್ಟ್ರು ಇನ್ನೂ ಇಳಿಸಿದಾರೆ. ಸೋಮವಾರ ಮೊದಲ ರಿಟುಕ್ಸಿಮ್ಯಾಬ್. ಪ್ಯಾನೆಲ್ ಟೆಸ್ಟ್ ಸದ್ಯಕ್ಕೆ ಬೇಡ ಅಂತ ಭಾವನೂ ಒಪ್ಪಿದ್ರು. ಮುಂದೆ ಬೇಕಾದ್ರೆ ಮತ್ತೆ ಗಂಟು ತೆಗೀಬೇಕಾ, ಇಲ್ಲ ಇದೇ ಸಾಕಾಗುತ್ತಾ?

ಸ್ಲೈಡ್_ಡಾಕ್ಟ್ರು

ಈಗಿನ ಗಡ್ಡೆ ಮೇಣದ ಬ್ಲಾಕಲ್ಲಿ ಹಾಗೇ ಇರುತ್ತೆ, ಮುಂದೆ ಬೇಕಾದ್ರೆ ಅದ್ರಿಂದ್ಲೇ ಡಿಎನ್‌ಎ ತೆಗೀಬೋದು. ಮತ್ತೆ ಬಂದ್ರೆ ಮಾತ್ರ ಹೊಸ ಬಯಾಪ್ಸಿ ಬೇಕು, ಯಾಕಂದ್ರೆ ಆಗ ಅದು ಬದಲಾಗಿರ್ಬೋದು. ಬ್ಲಾಕ್ ನಂಬರ್ ರಿಪೋರ್ಟಿನ ಮೇಲೇ ಇರುತ್ತೆ, ಬರ್ದಿಟ್ಕೊಳ್ಳಿ. ಬೇರೆ ಆಸ್ಪತ್ರೇಲಿ ಸೆಕೆಂಡ್ ಒಪೀನಿಯನ್ ತಗೋಬೇಕು ಅನ್ಸಿದ್ರೆ, ಕಿದ್ವಾಯಿ ಆಗ್ಲಿ ಮುಂಬೈ ಟಾಟಾ ಆಗ್ಲಿ, ರಿಪೋರ್ಟ್ ಪೇಪರ್ ಒಂದನ್ನೇ ತಗೊಂಡ್ ಹೋಗ್ಬೇಡಿ, ಪೆಥಾಲಜಿ ಡಿಪಾರ್ಟ್‌ಮೆಂಟಿಗೆ ಒಂದು ಲೆಟರ್ ಕೊಟ್ಟು ಬ್ಲಾಕು, ಸ್ಲೈಡು ಎರಡೂ ಇಸ್ಕೊಂಡು ಹೋಗಿ, ಕೆಲ್ಸ ಆದ್ಮೇಲೆ ಬ್ಲಾಕ್ ವಾಪಸ್ ತಂದು ಕೊಟ್ಬಿಡಿ. ಬಿಸಿಲಲ್ಲಿ ನಿಲ್ಸಿದ ಕಾರೊಳಗೆ ಬಿಡ್ಬೇಡಿ, ಮೇಣ ಕರಗುತ್ತೆ. ಸೋಮವಾರದ ಡೋಸ್ ಆದ್ಮೇಲೆ ಅಕ್ಕ ಹೇಗಿದಾರೆ ಅಂತ ಇಲ್ಲೇ ಬರೀರಿ.